ಹತ್ತು ಮಂದಿ ಹತ್ತುವ ಊರು

ಧಾರವಾಡದ ಕಡೆ ಮುಂಬೈ ಸೇರಿ ನಾಲ್ಕು ಕಾಸು ಕಂಡವನ ಬಗ್ಗೆ "ಮುಂಬೈಗೆ ಹೋಗಿ ಮ್ಯಾಲ ಬಂದಾನ ನೋಡ್ರಿ" ಅನ್ನುತ್ತಾರೆ. ಭೂಗೋಳ ಈ ಮಾತನ್ನು ಒಪ್ಪುವುದಿಲ್ಲ. ಧಾರವಾಡ ಇರುವುದು ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲೆ. ಮುಂಬೈಯೋ, ಸಮುದ್ರಕ್ಕೆ ಮಣ್ಣು ಸುರಿದು ಗಿಟ್ಟಿಸಿಕೊಂಡ ನೆಲ; ಜುಲೈ ತಿಂಗಳ ಒಂದು ದೊಡ್ಡ ಮಳೆಗೆ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನೀರು. ಮೇಲೆ ಬರಲಿಕ್ಕೆಂದು ನಾವೆಲ್ಲ ಲೋಣಾವಳ ದಾಟಿ, ಸುರಂಗದಿಂದ ಸುರಂಗಕ್ಕೆ ತೂರುತ್ತ, ಬೋರ್ ಘಾಟಿಯನ್ನು ಇಳಿದು ಬಂದವರು.

ನಿಜವಾಗಿ ಹತ್ತುವುದು ಊರಿಗೆ ಮರಳುವಾಗ. 1863ರಲ್ಲಿ ತೆರೆದ ಈ ಘಾಟಿ ದಾರಿಯ ಕಡಿದಾದ ಜಾಗದಲ್ಲಿ ಮೂವತ್ತೇಳು ಅಡಿ ಮುಂದೆ ಹೋದರೆ ಒಂದಡಿ ಏರು. ಒಂದು ಎಂಜಿನ್ನಿನಿಂದ ಆಗುವ ಕೆಲಸವಲ್ಲ ಅದು. ಕರ್ಜತ್ತಿನಲ್ಲಿ ಗಾಡಿ ನಿಲ್ಲುತ್ತದೆ, ಹಿಂದುಗಡೆ ಬೇರೆ ಎಂಜಿನುಗಳು ಬಂದು 'ಧಡ್' ಎಂದು ತಗುಲಿಕೊಳ್ಳುತ್ತವೆ, ಎದುರಿನದು ಎಳೆಯುತ್ತ ಹಿಂದಿನವು ದೂಡುತ್ತ ಲೋಣಾವಳ ಮುಟ್ಟಿಸುತ್ತವೆ. ದೂಡುವ ಎಂಜಿನಿಗೆ ರೈಲ್ವೆಯವರು ಇಟ್ಟ ಹೆಸರು ಬ್ಯಾಂಕರ್. ಇಪ್ಪತ್ತು ವರ್ಷದ ಗೃಹಸಾಲ ಹೊತ್ತವರು ಕರ್ಜತ್ತಿನಲ್ಲಿ ವಡಾಪಾವ್ ತಿನ್ನುತ್ತ ಈ ಹೆಸರನ್ನು ಕೇಳಿದರೆ ನಗಲಾರರು.

ಕರಾವಳಿಯವರದು ಬೇರೆ ಕತೆ. ಅವರದು ಸಮುದ್ರದಿಂದ ಸಮುದ್ರಕ್ಕೆ, ಸಪಾಟು ವಲಸೆ. ಮೊದಲು ಹಡಗು, ಆಮೇಲೆ ಘಟ್ಟ ಹತ್ತಿಳಿಯುವ ಬಸ್ಸು, 1998ರಿಂದ ಕೊಂಕಣ ರೈಲು. ನಮ್ಮ ಎದುರು ಬ್ಲಾಕಿನ ಶೆಟ್ಟರು ಬಸ್ಸಿನ ಕಾಲದವರು. ಘಟ್ಟದ ತಿರುವುಗಳಲ್ಲಿ ಹೊಟ್ಟೆಯೊಳಗಿನದೆಲ್ಲ ಮೇಲೆ ಹತ್ತಿ ಬಂದದ್ದನ್ನು ಅವರು ಈಗಲೂ ಊಟದ ಹೊತ್ತಿನಲ್ಲೇ ವರ್ಣಿಸುತ್ತಾರೆ.

ಮುಂಬೈ ಸೇರಿದವನಿಗೆ ಮೊದಲ ಪಾಠ ಗಾಡಿ ಹತ್ತುವುದು. ಬೋರಿ ಬಂದರಿನಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಹೊರಟಾಗ ಹದಿನಾಲ್ಕು ಡಬ್ಬಿಗಳಲ್ಲಿ ನಾನೂರು ಮಂದಿ ಇದ್ದರಂತೆ. ನಾನೂರು ಮಂದಿ! ಈಗ ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ಲಿನ ಒಂದೇ ಡಬ್ಬಿ ಇದರ ದೊಡ್ಡ ಪಾಲನ್ನು ನುಂಗಿ, ಇನ್ನೂ ಬಾಗಿಲಲ್ಲಿ ಒಂದಿಷ್ಟು ಜನರನ್ನು ತೂಗಿಸಿಕೊಂಡು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಹಳೆಗನ್ನಡ ಮೇಷ್ಟ್ರು ಕಲಿಸಿದ ವ್ಯಾಕರಣ ನೆನಪಾಗುತ್ತದೆ. 'ನಾನು ಗಾಡಿ ಹತ್ತಿದೆ' ಎನ್ನುವುದು ಕರ್ತರಿ ಪ್ರಯೋಗ. ಎಂಟು ಗಂಟೆಯ ಡೊಂಬಿವಲಿಯಲ್ಲಿ ಅಂಥ ವಾಕ್ಯ ಶುದ್ಧ ಸುಳ್ಳು. 'ನನ್ನಿಂದ ಗಾಡಿ ಹತ್ತಲ್ಪಟ್ಟಿತು' ಎಂಬ ಕರ್ಮಣಿಯೂ ಸಲ್ಲದು, ಅದರಲ್ಲಿ ಇನ್ನೂ ನನ್ನ ಪಾಲಿದೆ. ಅಲ್ಲಿ ನಡೆಯುವ ಕ್ರಿಯೆಗೆ ಸರಿಯಾದ ರೂಪ ಒಂದೇ: 'ನಾನು ಹತ್ತಿಸಲ್ಪಟ್ಟೆ.' ಇಷ್ಟು ವಕ್ರವಾದ ರೂಪ ಯಾವ ದೇಶದಲ್ಲಿ ಯಾರ ಉಪಯೋಗಕ್ಕೆ ಬಂದೀತು ಎಂದು ಶಾಲೆಯಲ್ಲಿ ನಕ್ಕಿದ್ದೆವು. ಆ ದೇಶ ಮಧ್ಯ ರೈಲ್ವೆಯ ಹಳಿಯ ಮೇಲಿತ್ತು.

ಹತ್ತಿಸಲ್ಪಡುವುದಕ್ಕೂ ವಿದ್ಯೆ ಬೇಕು. ಬಾಗಿಲು ಬಂದು ನಿಲ್ಲುವ ಜಾಗ ಗೊತ್ತಿರಬೇಕು. ಒಬ್ಬೊಬ್ಬರಿಗೆ ಒಂದೊಂದು ಗುರುತು, ಚಹಾ ಸ್ಟಾಲಿನ ಅಂಚೋ, ಒಡೆದ ಟೈಲ್ಸೋ, ಮೂಲವ್ಯಾಧಿ ವೈದ್ಯರ ಜಾಹೀರಾತೋ. ಚೀಲ ಬೆನ್ನಿನಿಂದ ಎದೆಗೆ ಬರಬೇಕು. ಕೈಗಳನ್ನು ಮೊದಲೇ ಮೇಲೆತ್ತಿರಬೇಕು, ಆಮೇಲೆ ಎತ್ತುತ್ತೇನೆಂದರೆ ಕುರ್ಲಾದ ತನಕ ಅವು ಎಲ್ಲಿದ್ದವೋ ಅಲ್ಲೇ. ಪ್ಲಾಟ್‌ಫಾರಮ್ಮಿನ ಮೇಲೆ ನಿಂತು "ಅಂದರ್ ಚಲೋ, ಅಂದರ್ ಬಹುತ್ ಜಗಹ್ ಹೈ" ಎಂದು ಗಂಟಲು ಹರಿದುಕೊಳ್ಳುವವನೇ ಒಂದು ಕಾಲು ಒಳಗಿಟ್ಟ ಕ್ಷಣ ಹಿಂದೆ ತಿರುಗಿ, "ದುಸರಾ ಗಾಡಿ ದೇಖೋ, ಖಾಲಿ ಆ ರಹಾ ಹೈ" ಎನ್ನುತ್ತಾನೆ. ಅವನನ್ನು ಬೈಯಬೇಡಿ. ಮುಂದಿನ ನಿಲ್ದಾಣದಲ್ಲಿ ನಾವೂ ಅದನ್ನೇ ಹೇಳುವವರು. ಪಶ್ಚಿಮ ರೈಲ್ವೆಯಲ್ಲಿ ಈ ಧರ್ಮ ಇನ್ನೂ ಕಟ್ಟುನಿಟ್ಟು. ಸಂಜೆ ವಿರಾರ್ ಫಾಸ್ಟ್ ಹತ್ತಿ ಬೋರಿವಲಿಯಲ್ಲಿ ಇಳಿಯುತ್ತೇನೆ ಎನ್ನುವವನು ಇಳಿಯುವ ಆಸೆ ಬಿಡಬೇಕು. ಅವನನ್ನು ವಿರಾರಿನವರು ಪಾಠ ಕಲಿಸಲಿಕ್ಕೆಂದೇ ಮುಂದೆ ಒಯ್ಯುತ್ತಾರೆ.

ಕೂರುವ ಆಸೆಯಿದ್ದವರಿಗೆ ಇನ್ನೊಂದು ಉಪಾಯವುಂಟು, ಅದರ ಹೆಸರು ರಿಟರ್ನ್. ಮುಂಬೈಗೆ ಹೋಗಬೇಕಾದವನು ಎದುರು ಪ್ಲಾಟ್‌ಫಾರಮ್ಮಿನಲ್ಲಿ ಕಲ್ಯಾಣದ ಗಾಡಿ ಹತ್ತಿ, ಹಿಂದಕ್ಕೆ ಹೋಗಿ, ಅದೇ ಗಾಡಿ ತಿರುಗಿದಾಗ ಸೀಟಿನಲ್ಲಿ ಕೂತೇ ಬರುವುದು. ಮುಂದೆ ಹೋಗಲಿಕ್ಕೆ ಹಿಂದೆ ಹೋಗುವ ಈ ಕ್ರಮ ಬೇರೆ ಊರಿನ ನೆಂಟರಿಗೆ ಅರ್ಥವಾಗುವುದಿಲ್ಲ. ಆಫೀಸಿನ ಬಡ್ತಿಯೂ ಹೀಗೇ ಇರುತ್ತದೆ ಎಂದು ವಿವರಿಸಿದರೆ ಸ್ವಲ್ಪ ಆಗುತ್ತದೆ.

ಗಾಡಿಯಿಂದ ಇಳಿದೊಡನೆ ಸೇತುವೆ ಹತ್ತಬೇಕು. ದಾದರಿನ ಸೇತುವೆಯ ಮೇಲೆ ಸಂಜೆ ನಡೆಯುವವರಿಗೆ ತಮ್ಮ ಕಾಲು ಕಾಣಿಸದು, ಎದುರಿನವನ ಬೆನ್ನೇ ದಾರಿ. ಇದೆಲ್ಲ ತಮಾಷೆಯಾಗಿ ಬರೆಯಬಹುದಾದ ಸಂಗತಿಯೇ, ಆದರೆ ಒಂದು ದಿನದ್ದು ಮಾತ್ರ ಹಾಗಲ್ಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಿನ ಸೇತುವೆಯ ಮೇಲೆ ಮಳೆ ನಿಲ್ಲಲೆಂದು ಜನ ನಿಂತಿದ್ದರು, ಕೆಳಗೆ ಗಾಡಿಗಳು ಇನ್ನಷ್ಟು ಜನರನ್ನು ತಂದು ಸುರಿಯುತ್ತಿದ್ದವು. ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ಆಮೇಲೆ ಸೇನೆಯವರು ಬಂದು ಕೆಲವೇ ತಿಂಗಳಲ್ಲಿ ಅಲ್ಲೊಂದು ಹೊಸ ಸೇತುವೆ ಕಟ್ಟಿದರು. ನಿಲ್ದಾಣದ ಹೆಸರೂ ಬದಲಾಗಿ ಪ್ರಭಾದೇವಿ ಆಯಿತು. ಹತ್ತುವ ಮೆಟ್ಟಿಲಿನ ಅಗಲ ಎಷ್ಟಿರಬೇಕು ಎಂಬ ಲೆಕ್ಕ ಈ ಊರಿನಲ್ಲಿ ಇಷ್ಟು ತಡವಾಗಿ ಆಗಬಾರದಿತ್ತು.

ಇನ್ನೊಂದು ಕಡೆ ಯಾರೂ ಹತ್ತದ ಮೆಟ್ಟಿಲುಗಳೂ ಇಲ್ಲಿವೆ. 2008ರಲ್ಲಿ ಬಾಂದ್ರಾದಲ್ಲಿ ಮೊದಲ ಸ್ಕೈವಾಕ್ ಆಯಿತು, ಆಮೇಲೆ ಊರಿನ ತುಂಬ ಆದವು. ಪಾದಚಾರಿಗಳು ಆಕಾಶದಲ್ಲಿ ನಡೆದು ರಸ್ತೆ ಖಾಲಿ ಮಾಡಿಕೊಡುತ್ತಾರೆ ಎಂಬ ಲೆಕ್ಕ. ಪಾದಚಾರಿ ಕತ್ತೆತ್ತಿ ಮೆಟ್ಟಿಲುಗಳನ್ನು ನೋಡಿದ, ರಿಕ್ಷಾಗಳ ನಡುವೆ ನುಸುಳಿಕೊಂಡು ಕೆಳಗಿನಿಂದಲೇ ಹೋದ. ಹತ್ತಬೇಕೆಂದು ಯಾರೋ ಹೇಳಿದ ಮಾತ್ರಕ್ಕೆ ಮುಂಬೈಯವನು ಹತ್ತುವುದಿಲ್ಲ.

ಈ 'ಹತ್ತು'ವಿನ ವಿಷಯದಲ್ಲಿ ಶೆಟ್ಟರಿಗೂ ನನಗೂ ಹಳೆಯ ತಗಾದೆ. ನಮ್ಮ ಕಡೆ ಯಾವ ಕೆಲಸವೂ ಹತ್ತದೆ ನಡೆಯುವುದಿಲ್ಲ: ಉಣ್ಣಾಕ ಹತ್ಯಾನ, ಮಳಿ ಬರಾಕ ಹತ್ತೇತಿ, ಹಾಲು ಉಕ್ಕಾಕ ಹತ್ತೇತಿ. ಒಮ್ಮೆ ಭಾನುವಾರ ಮಧ್ಯಾಹ್ನ ಶೆಟ್ಟರು ಬಾಗಿಲು ಬಡಿದಾಗ ನಮ್ಮಾಕೆ, "ಅವ್ರು ಮಲಗಾಕ ಹತ್ಯಾರ್ರೀ" ಎಂದಳು. ಶೆಟ್ಟರು ಗಂಭೀರವಾಗಿ, "ಎಂತದು ಮಾರಾಯ್ರೆ, ನಿಮ್ಮಲ್ಲಿ ಮಲಗುವವನೂ ಹತ್ತುವುದಾ? ಅಟ್ಟಕ್ಕಾ?" ಎಂದು ಕೇಳಿ ಹೋದರು. ಸೇಡು ತೀರಿಸಿಕೊಳ್ಳಲು ನನಗೂ ಅವಕಾಶ ಸಿಕ್ಕಿತು. ಅವರ ಮನೆಯ ಗಂಟೆ ಒತ್ತಿದರೆ ಒಳಗಿನಿಂದ ತುಳುವಿನಲ್ಲಿ "ಏರ್?" ಎನ್ನುತ್ತಾರೆ, ಯಾರು ಎಂದರ್ಥ. "ಲಿಫ್ಟ್ ಕೆಟ್ಟದ್ದಕ್ಕೆ ನಾಲ್ಕು ಮಹಡಿ ಏರಿಯೇ ಬಂದೀನ್ರೀ ಶೆಟ್ರೆ, ಇನ್ನೂ ಎಲ್ಲಿಗೆ ಏರ್ಲಿ?" ಎಂದೆ.

ಏರುವುದಕ್ಕೂ ಹತ್ತುವುದಕ್ಕೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿದೆ. ಏರುವುದಕ್ಕೆ ಕಾಲು ಬೇಡ. ಜ್ವರ ಏರುತ್ತದೆ, ಬೆಲೆ ಏರುತ್ತದೆ, ಬಿಸಿಲು ಏರುತ್ತದೆ, 1978–79ಕ್ಕೆ ನೂರೆಂದು ಎಣಿಸಿ ಹೊರಟ ಸೆನ್ಸೆಕ್ಸು ದಲಾಲ್ ಸ್ಟ್ರೀಟಿನಲ್ಲಿ ಸಾವಿರಗಟ್ಟಲೆ ಏರುತ್ತದೆ. ಯಾವುದಕ್ಕೂ ಏದುಸಿರು ಬರುವುದಿಲ್ಲ. ಹತ್ತುವುದು ಮಾತ್ರ ಮೊಣಕಾಲಿದ್ದವರ ಪಾಡು. ಮನುಷ್ಯನೂ ಏರುವುದುಂಟು, ಆದರೆ ಗಣ್ಯನಾದಾಗ ಮಾತ್ರ. ವೇದಿಕೆ ಏರುತ್ತಾನೆ, ಗದ್ದುಗೆ ಏರುತ್ತಾನೆ, ಹಸೆಮಣೆ ಏರುತ್ತಾನೆ. ಹಸೆಮಣೆಯ ಎತ್ತರ ಎರಡು ಅಂಗುಲ. ಅದಕ್ಕೂ ಗಲ್ಲಿಗೂ ಕನ್ನಡ ಒಂದೇ ಕ್ರಿಯಾಪದ ಇಟ್ಟಿರುವುದನ್ನು ಗಮನಿಸಿದ ಮೇಲೆ ನಮ್ಮ ಹಿರಿಯರ ಬಗ್ಗೆ ನನ್ನ ಗೌರವ ಇನ್ನೂ ಏರಿತು. ಕೆಲವು ವಸ್ತುಗಳು ಹತ್ತುವುದೂ ಉಂಟು, ಹತ್ತದಿರುವುದೂ ಉಂಟು. ಬೆಂಕಿ ಹತ್ತುತ್ತದೆ. ವಿದ್ಯೆ ತಲೆಗೆ ಹತ್ತುವುದಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ, ಮುಂಬೈಯಲ್ಲಿ ಅದು ಹತ್ತುವ ಮೊದಲೇ ಲೋಕಲ್ಲಿನಲ್ಲಿ ಹಿಂಡಿ ಹೋಗಿರುತ್ತದೆ.

ವಿದ್ಯೆ ತಲೆಗೆ ಹತ್ತದ ಹುಡುಗರು ಒಂದು ಕಾಲಕ್ಕೆ ಕರಾವಳಿಯಿಂದ ಓಡಿ ಬರುತ್ತಿದ್ದದ್ದು ಮುಂಬೈಯ ಹೋಟೆಲುಗಳಿಗೆ. ತಮಾಷೆಯೆಂದರೆ ಇಲ್ಲಿ ಬಂದ ಮೇಲೆ ಅದು ಹತ್ತತೊಡಗಿತು. ಹಗಲೆಲ್ಲ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ತೂಕಡಿಸಿ ಮ್ಯಾಟ್ರಿಕ್ ದಾಟಿದವರ ಒಂದು ಇಡೀ ಪೀಳಿಗೆ ಈ ಊರಿನಲ್ಲಿದೆ. ಬ್ಯಾಂಕು, ವಕೀಲಿ, ಪತ್ರಿಕೆ ಎಂದು ಅವರು ಹತ್ತಿ ಹೋದರು. ಹೋಟೆಲಿನೊಳಗೇ ಉಳಿದವರಿಗೂ ಏಣಿಯಿತ್ತು. ಕೆಳಗಿನ ಮೆಟ್ಟಿಲಲ್ಲಿ ತಟ್ಟೆ ತೊಳೆಯುವವನು, ಅವನ ಮೇಲೆ ಮೇಜು ಒರೆಸುವವನು, ಆಮೇಲೆ ನೀರು ಕೊಡುವವನು, ಆಮೇಲೆ ವೇಟರ್. ಇವರೆಲ್ಲ ನಿಂತಿರುವವರು. ಎಲ್ಲರ ಕಣ್ಣು ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯ ಮೇಲೆ. ಇಷ್ಟೆಲ್ಲ ಹತ್ತಿ ತಲುಪಬೇಕಾದ ಶಿಖರ ಕೊನೆಗೆ ಒಂದು ಕೂರುವ ಜಾಗ. ಶೆಟ್ಟರು ಆ ಕುರ್ಚಿಯ ತನಕ ಬಂದವರು. ಅವರ ಪ್ರಕಾರ ಕೂತ ಮೇಲೆಯೇ ಸೊಂಟನೋವು ಶುರುವಾದದ್ದು.

ಮಾಟುಂಗಾ ನಿಲ್ದಾಣದ ಎದುರಿನ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಅದು ಮೊದಲ ಮಹಡಿಯಲ್ಲಿದೆ. ಬಾಳೆಯೆಲೆ ಊಟಕ್ಕೆ ಬಂದವರು ಹಸಿದ ಹೊಟ್ಟೆಯಲ್ಲಿ ಮೆಟ್ಟಿಲು ಹತ್ತಿ ಸರದಿಗೆ ಕಾಯುತ್ತಾರೆ, ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾರೆ. ಮಹಡಿಯ ಹೋಟೆಲೆಂದರೆ ಹೀಗಿರಬೇಕು. ಬೇರೆ ಕೆಲವು ಹೋಟೆಲುಗಳಲ್ಲಿ ಕೆಳಗೆ ಸಾದಾ, ಮೇಲೆ ಎ.ಸಿ. ಅದೇ ಕಾವಲಿಯ ಅದೇ ದೋಸೆ, ಅದೇ ಚಟ್ನಿ. ವೇಟರಿನ ಕೈಯಲ್ಲಿ ಹದಿನೈದು ಮೆಟ್ಟಿಲು ಹತ್ತಿದ್ದಕ್ಕೆ ದೋಸೆಗೆ ಬಡ್ತಿ ಸಿಕ್ಕಿರುತ್ತದೆ. ಹತ್ತಿದ ವೇಟರಿಗೆ ಸಿಕ್ಕಿರುವುದಿಲ್ಲ.

ಏಣಿಯ ಕತೆ ಹೇಳುವಾಗ ಯಶವಂತ ಚಿತ್ತಾಲರನ್ನು ಬಿಟ್ಟು ಮುಂದೆ ಹೋಗಲಾಗದು. ಹನೇಹಳ್ಳಿಯಿಂದ ಬಂದು, ರಸಾಯನ ಉದ್ಯಮದಲ್ಲಿ ಮೇಲಿನ ಹುದ್ದೆ ಕಂಡು, ಬಾಂದ್ರಾದ ಕಡಲೆದುರು ಮನೆ ಮಾಡಿದ್ದವರು ಅವರು. 1979ರ 'ಶಿಕಾರಿ'ಯಲ್ಲಿ ಕಂಪನಿಯ ಮೆಟ್ಟಿಲು ಹತ್ತುತ್ತಿದ್ದ ನಾಗಪ್ಪನನ್ನು ಒಂದು ದಿನ ಕಾರಣ ತಿಳಿಸದೆ ನಿಲ್ಲಿಸಿಬಿಡುತ್ತಾರೆ. ಮುಂಬೈಯ ಆಫೀಸುಗಳಲ್ಲಿ ಕೆಲಸ ಮಾಡಿದ ಕನ್ನಡಿಗರು ಆ ಕಾದಂಬರಿಯನ್ನು ಓದುವಾಗ ಪುಟ ತಿರುವುವ ಮೊದಲು ಬೆನ್ನ ಹಿಂದೆ ನೋಡಿಕೊಳ್ಳುತ್ತಾರೆ.

ಆಫೀಸುಗಳ ಮಹಡಿಗಳನ್ನು ನಿಜವಾಗಿ ಬಲ್ಲವರು ಡಬ್ಬಾವಾಲಾಗಳು. ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಸಂಕೇತಗಳಲ್ಲಿ ಒಂದು ಅಂಕಿ ಮಹಡಿಯದು. ಊಟ ಮಾಡುವವನ ಹೆಸರು ಅದರಲ್ಲಿಲ್ಲ, ಹುದ್ದೆಯೂ ಇಲ್ಲ. ಅವನು ಎಲ್ಲಿ, ಎಷ್ಟು ಎತ್ತರದಲ್ಲಿ ಹಸಿದಿದ್ದಾನೆ ಎಂಬುದಷ್ಟೇ ಇದೆ.

ಹಿಂದೆ ಚಾಳಿನ ಮೇಲಿನ ಮಹಡಿ ಎಂದರೆ ಬಿಸಿಲು, ಸೋರುವ ಮಾಡು, ಕಲ್ಲಿದ್ದಲ ಚೀಲ ಹೊತ್ತು ಹತ್ತುವ ಕಷ್ಟ. ಬಾಡಿಗೆಯವರು ಕೆಳಗಿನ ಖೋಲಿಯನ್ನೇ ಹುಡುಕುತ್ತಿದ್ದರು. ಲಿಫ್ಟು ಬಂದು ಈ ಜಾತಿಪದ್ಧತಿ ತಲೆಕೆಳಗಾಯಿತು. ವರಳಿಯ ಬಿ.ಡಿ.ಡಿ. ಚಾಳುಗಳು 1920ರ ದಶಕದವು, ನೆಲಮಹಡಿಯ ಮೇಲೆ ಮೂರು. ಅಲ್ಲಿ 160 ಚದರಡಿಯಲ್ಲಿ ಮೂರು ತಲೆಮಾರು ಕಳೆದವರಿಗೆ 2025ರ ಆಗಸ್ಟಿನಲ್ಲಿ ನಲವತ್ತು ಮಹಡಿಯ ಗೋಪುರದಲ್ಲಿ 500 ಚದರಡಿಯ ಮನೆಗಳನ್ನು ಕೊಡತೊಡಗಿದರು. ಮೂರರಿಂದ ನಲವತ್ತಕ್ಕೆ. ಚಾಳಿನ ಗ್ಯಾಲರಿಯಲ್ಲಿ ನಿಂತು ಕೆಳಗೆ ಹೋಗುವ ಭಾಜಿವಾಲಿಯ ಜೊತೆ ಚೌಕಾಸಿ ಮಾಡುತ್ತಿದ್ದ ಅಜ್ಜಿಯಂದಿರು ಮೂವತ್ತೆಂಟನೇ ಮಹಡಿಯಿಂದ ಅದನ್ನು ಹೇಗೆ ಮಾಡುತ್ತಾರೋ ನೋಡಬೇಕು.

ಕಾಸು ಕೊಟ್ಟು ಕೊಳ್ಳುವವರಿಗಂತೂ ಬಿಲ್ಡರುಗಳು ಒಂದು ಹೊಸ ತೆರಿಗೆ ಹಾಕಿದ್ದಾರೆ, ಅದರ ಹೆಸರು ಫ್ಲೋರ್ ರೈಸ್. ಒಂದೊಂದು ಮಹಡಿ ಮೇಲೆ ಹೋದ ಹಾಗೆ ಚದರಡಿಗೆ ಇಷ್ಟಿಷ್ಟು ರೂಪಾಯಿ ಹೆಚ್ಚು. ಊರಿನಿಂದ ಬಂದಿದ್ದ ನಮ್ಮತ್ತೆ ನಮ್ಮ ಮಾತಿನಲ್ಲಿ ಈ ಶಬ್ದ ಕೇಳಿ, ಉಡುಪಿ ಹೋಟೆಲಿನ ರೈಸ್ ಪ್ಲೇಟಿನ ಅಣ್ಣನೋ ತಮ್ಮನೋ ಇರಬೇಕೆಂದು, "ನೆಲದ ಮ್ಯಾಲ ಕುಂತು ಉಣ್ಣೋದಕ್ಕೂ ರೊಕ್ಕ ಕೇಳ್ತಾರೇನ?" ಎಂದರು. ಅವರು ತೀರ ತಪ್ಪು ತಿಳಿದರು ಎನ್ನಲಾರೆ. ಮೇಲೆ ಹತ್ತಿದ್ದಕ್ಕೆ ಬೆಲೆ ಕೊಟ್ಟವರ ಮನೆಯಲ್ಲಿ ಸೋಫಾಕ್ಕೆ ದುಡ್ಡು ಉಳಿಯದೆ ಬಹಳ ದಿನ ನೆಲದ ಮೇಲೆಯೇ ಊಟ ನಡೆದದ್ದನ್ನು ಕಂಡಿದ್ದೇನೆ.

ಮೇಲೆ ಹೋದವರ ಹಿಂದೆ ನೀರೂ ಹತ್ತಬೇಕು. ಭಾತ್ಸಾ, ತಾನ್ಸಾ, ವೈತರಣಾ ಕೆರೆಗಳಿಂದ ಅಷ್ಟು ದೂರ ಬಂದ ನೀರು ಕಟ್ಟಡದ ಬುಡದ ಟಾಕಿಗೆ ಬಿದ್ದು ಸುಸ್ತಾಗಿ ಕೂತುಬಿಡುತ್ತದೆ. ಪಂಪಿನ ಸ್ವಿಚ್ಚು ವಾಚ್‌ಮನ್ನಿನ ಕೈಯಲ್ಲಿ. ಅವನು ಊರಿಗೆ ಹೋದ ದಿನ ಇಪ್ಪತ್ತನೇ ಮಹಡಿಯವರ ಸಮುದ್ರದರ್ಶನ ಚೆನ್ನಾಗಿಯೇ ಇರುತ್ತದೆ, ಮುಖ ತೊಳೆಯುವುದಕ್ಕೆ ಮಾತ್ರ ನೀರಿಲ್ಲ. ಮಲಬಾರ್ ಹಿಲ್ಲಿನವರಿಗೆ ಈ ಚಿಂತೆಯೂ ಇಲ್ಲ. ಅಲ್ಲಿ ಜಲಾಶಯವೇ ಗುಡ್ಡದ ಮೇಲಿದೆ, ಅದರ ನೆತ್ತಿಯ ಮೇಲೆ ಹ್ಯಾಂಗಿಂಗ್ ಗಾರ್ಡನ್.

ಮಲಬಾರ್ ಹಿಲ್ಲಿನ ಒಂದು ರಸ್ತೆಯ ಹೆಸರು ಸಿರಿ ರೋಡ್. ಚೌಪಾಟಿಯ ಕಡೆಯಿಂದ ವಾಲ್ಕೇಶ್ವರಕ್ಕೆ ಹೋಗುವ ಭಕ್ತರು ಹತ್ತುತ್ತಿದ್ದ ಕಡಿದಾದ ಕಾಲುದಾರಿ ಅದು. ಶಿಡಿ, ಅಂದರೆ ಏಣಿ, ಆಂಗ್ಲರ ಬಾಯಲ್ಲಿ ಸಿರಿ ಆಯಿತು. ಕನ್ನಡಿಗರಿಗೆ ಈ ಹೆಸರನ್ನು ವಿವರಿಸಬೇಕಿಲ್ಲ. ಆ ಗುಡ್ಡದ ಮೇಲೆ ಇರುವುದೆಲ್ಲ ಸಿರಿಯೇ. ಅಲ್ಲಿಂದ ಅನತಿ ದೂರದಲ್ಲಿ ಆಲ್ಟಮೌಂಟ್ ರೋಡಿನ ಆಂಟಿಲಿಯಾ 173 ಮೀಟರ್ ನಿಂತಿದೆ, ಮಹಡಿಗಳು ಮಾತ್ರ 27. ನಮ್ಮಂಥವರ ಮನೆಯ ಅಳತೆಯಲ್ಲಿ ಐವತ್ತಕ್ಕೂ ಮೇಲೆ ಆಗಬೇಕಿತ್ತು. ಅಲ್ಲಿ ಫ್ಲೋರ್ ರೈಸ್ ಯಾರು ಯಾರಿಗೆ ಕೊಟ್ಟರೋ. ಮಲಬಾರ್ ಹಿಲ್ಲಿನ ಬುಡದಲ್ಲಿರುವ ಬಾಬುಲನಾಥನ ಗುಡಿಯೂ ಒಂದು ದಿಬ್ಬದ ಮೇಲೆಯೇ, ಆದರೆ ದೇವರು ದಯಾಳು, ಭಕ್ತರಿಗೆ ಲಿಫ್ಟ್ ಇದೆ. ಶೆಟ್ಟರು ಮೊಣಕಾಲು ಕೈಕೊಟ್ಟ ಮೇಲೆ ದೇವರುಗಳನ್ನು ಲಿಫ್ಟ್ ಇರುವವರು, ಇಲ್ಲದವರು ಎಂದು ಎರಡು ಪಂಗಡ ಮಾಡಿಕೊಂಡಿದ್ದಾರೆ. ಎಲಿಫೆಂಟಾದ ತ್ರಿಮೂರ್ತಿ ಎರಡನೆಯ ಪಂಗಡ. ಅಲ್ಲಿ ನೂರಿಪ್ಪತ್ತು ಮೆಟ್ಟಿಲು. ಡೋಲಿಯವರು ಇದ್ದಾರೆ, ಆದರೆ ಶೆಟ್ಟರನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಹೀಗೆ ವರ್ಷವಿಡೀ ಹತ್ತಿ ದಣಿದ ಊರು ಗೋಕುಲಾಷ್ಟಮಿಯ ಮರುದಿನ ಮತ್ತೆ ಹತ್ತಲು ಬೀದಿಗಿಳಿಯುತ್ತದೆ. ಉಡುಪಿಯ ರಥಬೀದಿಯ ವಿಟ್ಲಪಿಂಡಿಯಲ್ಲಿ ಮೊಸರು ಕುಡಿಕೆಗಳನ್ನು ಕೋಲಿನಿಂದ ಒಡೆಯುತ್ತಾರೆ, ಗೊಲ್ಲವೇಷದವರಿಗೆ ಹತ್ತುವ ಕಷ್ಟವಿಲ್ಲ. ಇಲ್ಲಿ ಮಡಕೆ ಕಟ್ಟುವುದೇ ಕೈಗೆ ಎಟುಕಬಾರದೆಂದು. ಗೋವಿಂದಾ ಪಥಕದವರು ಹೆಗಲ ಮೇಲೆ ಹೆಗಲಾಗಿ ಥರ ಕಟ್ಟುತ್ತಾರೆ. ಜೋಗೇಶ್ವರಿಯ ಜೈ ಜವಾನ್ ತಂಡ 2012ರಲ್ಲಿ ಠಾಣೆಯಲ್ಲಿ ಒಂಬತ್ತು ಥರ, 43.79 ಅಡಿ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿತು. ಎತ್ತರ ಎಷ್ಟಿರಬೇಕು, ತುದಿಯ ಹುಡುಗನ ವಯಸ್ಸು ಎಷ್ಟಿರಬೇಕು ಎಂದು ಕೋರ್ಟಿನ ಮೆಟ್ಟಿಲನ್ನೂ ಈ ಮಡಕೆ ಹತ್ತಿ ಬಂದಿದೆ. 2025ರಲ್ಲಿ ಅದೇ ಠಾಣೆಯಲ್ಲಿ ಕೊಂಕಣ ನಗರ ಪಥಕದವರು ಇನ್ನೊಂದು ಥರ ಸೇರಿಸಿದರು. ಟಿ.ವಿ.ಯಲ್ಲಿ ನೋಡುತ್ತಿದ್ದ ಶೆಟ್ಟರು ಓಡಿ ಬಂದು, "ಹತ್ತು ಹತ್ತಿದರು ಮಾರಾಯ್ರೆ!" ಎಂದು ಕೂಗಿದರು. ನಮ್ಮಾಕೆ ಒಳಗಿನಿಂದ, "ಹತ್ತಾಕ ಹತ್ಯಾರೋ, ಹತ್ತಿ ಆತೋ?" ಎಂದು ಕೇಳಿದಳು.

ಇದರಲ್ಲಿ ನನಗೆ ಹಿಡಿಸುವುದು ಸಲಾಮಿ. ಎಲ್ಲ ಪಥಕಗಳೂ ಮಡಕೆ ಒಡೆಯುವುದಿಲ್ಲ. ಬಹಳಷ್ಟು ತಂಡಗಳು ಥರ ಕಟ್ಟಿ, ತುದಿಯ ಹುಡುಗ ಮಡಕೆಗೆ ಕೈ ಮುಗಿದು ಸಲಾಮು ಹೊಡೆದು, ಮುಟ್ಟದೆ ಇಳಿಯುತ್ತವೆ; ಎಷ್ಟು ಥರವೋ ಅದರ ಮೇಲೆ ಬಹುಮಾನ. ನೋಡುವವರು ಹತ್ತುವಾಗ ಕೂಗುತ್ತಾರೆ, ಉಸ್ತಾದರ ಎದೆ ಹೊಡೆದುಕೊಳ್ಳುವುದು ಇಳಿಯುವಾಗ. ಒಂದೊಂದೇ ಥರ ಬಿಚ್ಚಿಕೊಂಡು, ಯಾರ ಕತ್ತೂ ಉಳುಕದೆ ನೆಲ ಮುಟ್ಟಿದರೆ ಆ ತಂಡ ಚೆನ್ನಾಗಿ ಹತ್ತಿತು ಎಂದು ಅವರು ಒಪ್ಪುತ್ತಾರೆ. ಬುಡದಲ್ಲಿ ನಿಂತ ದಾಂಡಿಗರಿಗೆ ಮಡಕೆ ಕಂಡಿರುವುದೇ ಇಲ್ಲ. ಮೇಲಿನಿಂದ ಬಿದ್ದ ನೀರು ಒರೆಸಿಕೊಳ್ಳುತ್ತ, ಎಷ್ಟು ಥರ ಆಯಿತೆಂದು ಪಕ್ಕದವನನ್ನು ಕೇಳುತ್ತಾರೆ. ಅಷ್ಟರಲ್ಲಿ ಮುಂದಿನ ಹಂಡಿಗೆ ಹೊರಟ ಲಾರಿ ಹಾರ್ನ್ ಹೊಡೆಯುತ್ತದೆ. ಈಗಷ್ಟೇ ಒಬ್ಬರ ಹೆಗಲಿಗೆ ಒಬ್ಬರು ನೋವಾಗದ ಹಾಗೆ ಪಾದವಿಟ್ಟು ಆಕಾಶಕ್ಕೆ ಹತ್ತಿದವರು, ನಾಲ್ಕಡಿ ಎತ್ತರದ ಆ ಲಾರಿ ಹತ್ತುವಾಗ ಒಬ್ಬರನ್ನೊಬ್ಬರು ನೂಕಿ, ಕಾಲು ತುಳಿದು, ಅಂಗಿ ಎಳೆದು, "ಅಂದರ್ ಚಲೋ, ಅಂದರ್ ಚಲೋ" ಎಂದು ಬೊಬ್ಬೆ ಹಾಕುತ್ತಾರೆ.